ಏಳನೇ ಬಾಗಿಲಿನ ಪಂಚಾಯಿತಿ

"ಗೋಡೆ ಕಣೋ! ಏಳನೇ ಬಾಗಿಲ ಹಿಂದೆ ಇರೋದು ಬರೀ ಗೋಡೆ! ಕಲ್ಲಿನ ಗೋಡೆ!"

"ರಾಣಿ ಇದಾಳೆ ಭಾವ. ಕೈಯಲ್ಲಿ ಕಿರೀಟ ಹಿಡ್ಕೊಂಡು ನಿಂತಿದಾಳೆ. ನಿಮ್ಮ ಡಬ್ಬಾದಲ್ಲಿ ರಾಣಿಗೆ ಜಾಗ ಸಾಲ್ದೆ ಗೋಡೆ ಎಬ್ಬಿಸಿದ್ರೆ ಅದಕ್ಕೆ ನಾನೇನ್ ಮಾಡ್ಲಿ?"

"ಡಬ್ಬಾ ಅಂದ್ಯಾ? ನನ್ನದನ್ನ ಡಬ್ಬಾ ಅಂದ್ಯಾ? ಏಳೋ ಮೊದ್ಲು ನನ್ನ ಕುರ್ಚಿಯಿಂದ!"

"ಕೂತ ಮೇಲೆ ಕುರ್ಚಿ ಯಾರದಾದ್ರೇನು ಭಾವ," ಎಂದು ಬಾಮೈದ ಕಾಲು ಇನ್ನಷ್ಟು ಚಾಚಿದ.

ಗುಲಗಂಜಿಯ ಸಿಟ್ಟು ನೆತ್ತಿಗೇರಿತು. ಗುಲಗಂಜಿ ಎಂದರೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಪೇಟೆಯ ಅಂಗಡಿಯವರೆಲ್ಲ ಸೇರಿ ಇಟ್ಟದ್ದು. ಅವನು ತೂಕ ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ತಕ್ಕಡಿ ಒಂದು ಗುಲಗಂಜಿಯಷ್ಟು ಓರೆಯಾದರೂ ಬಿಡುವವನಲ್ಲ. ಹದಿನೇಳು ವರ್ಷದಿಂದ ಊರಿನ ತಕ್ಕಡಿಗಳನ್ನೆಲ್ಲ ನೆಟ್ಟಗೆ ಮಾಡಿದವನಿಗೆ ಮನೆಯ ಒಂದು ಕುರ್ಚಿಯನ್ನು ಬಿಡಿಸಿಕೊಳ್ಳಲು ಆಗಿರಲಿಲ್ಲ.

ಬಾಮೈದ ಐದು ತಿಂಗಳ ಹಿಂದೆ ಮೂರು ದಿನಕ್ಕೆಂದು ಬಂದಿದ್ದ. ಅವನ ಮನೆಗೆ ಸುಣ್ಣ ಹೊಡೆಸುತ್ತಿದ್ದಾರಂತೆ, ಒಣಗುವ ತನಕ ಇರುತ್ತೇನೆ ಎಂದಿದ್ದ. ಆ ಸುಣ್ಣ ಇನ್ನೂ ಒಣಗಿರಲಿಲ್ಲ. ಮೂರು ದಿನಕ್ಕೆ ಬಂದವನು ಎರಡು ಜೊತೆ ಬಟ್ಟೆಯ ಜೊತೆಗೆ ಹಳೇ ವಿಡಿಯೋ ಗೇಮಿನ ಪೆಟ್ಟಿಗೆಯನ್ನೂ ಹೊತ್ತು ತಂದಾಗಲೇ ಗುಲಗಂಜಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಬದಲಿಗೆ ಖುಷಿಯಾಯಿತು. ಏಕೆಂದರೆ ಆ ಪೆಟ್ಟಿಗೆಯಲ್ಲಿದ್ದದ್ದು 'ಏಳು ಬಾಗಿಲ ಕೋಟೆ'. ಗುಲಗಂಜಿ ಹುಡುಗನಾಗಿದ್ದಾಗ ಆಡಿದ ಆಟವೂ ಅದೇ, ಆದರೆ ಬೇರೆ ಯಂತ್ರದಲ್ಲಿ. ಆ ಕಪ್ಪು ಯಂತ್ರ ಇವತ್ತಿಗೂ ಅಟ್ಟದ ಮೇಲಿತ್ತು. ಒಂದೇ ಆಟ, ಎರಡು ಯಂತ್ರ. ಜಗಳಕ್ಕೆ ಇನ್ನೇನು ಬೇಕು? ಐದು ತಿಂಗಳಿಂದ ದಿನಾ ಬೆಳಿಗ್ಗೆ ಗೋಡೆ, ದಿನಾ ಸಂಜೆ ರಾಣಿ.

ಇವತ್ತು ರಜಾ ದಿನ. ಇವತ್ತು ಇದನ್ನು ಮುಗಿಸಿಯೇ ಬಿಡಬೇಕು ಎಂದು ಗುಲಗಂಜಿ ನಿರ್ಧರಿಸಿದ.

"ಬಾ, ಇವತ್ತು ಆಡಿ ನೋಡೋಣ. ಸೋತವನು ಮನೆ ಬಿಟ್ಟು ಹೋಗ್ಬೇಕು. ಒಪ್ಗೇನಾ?"

"ಒಪ್ಗೆ. ಆದ್ರೆ ನಿಮ್ಮ ಯಂತ್ರ ಗೋಡೆ ತೋರಿಸುತ್ತೆ, ನಂದು ರಾಣೀನ ತೋರಿಸುತ್ತೆ. ಆಮೇಲೆ?"

"ಎರಡು ತಕ್ಕಡಿ ಜಗಳಾಡಿದ್ರೆ ಮೂರನೇ ತಕ್ಕಡಿ ತರ್ಬೇಕು. ಅದು ನಮ್ಮ ಇಲಾಖೆ ನಿಯಮ."

ಮೂರನೇ ಯಂತ್ರ ಇದ್ದದ್ದು ಎದುರಿನ ದಿನಸಿ ಅಂಗಡಿಯವನ ಹತ್ತಿರ. ಅದೇ ಆಟ ಎಷ್ಟೋ ವರ್ಷದ ಮೇಲೆ ಸಿ.ಡಿ.ಯಲ್ಲಿ ಬಂದಾಗ ಕೊಂಡಿದ್ದನಂತೆ. ಆದರೆ ಹೋದ ವಾರವಷ್ಟೇ ಗುಲಗಂಜಿ ಅವನ ತಕ್ಕಡಿಯಲ್ಲಿ ಮೂರು ಗ್ರಾಂ ಕಮ್ಮಿ ಹಿಡಿದು ದಂಡ ಹಾಕಿದ್ದ. "ಮೂರು ಗ್ರಾಂ ಸಾರ್, ಒಂದು ನೊಣ ಕೂತ್ರೂ ಅಷ್ಟು ಬರುತ್ತೆ," ಎಂದು ಅವನು ಕೈಮುಗಿದಿದ್ದ. "ಹಾಗಾದ್ರೆ ನೊಣಕ್ಕೆ ದಂಡ ಹಾಕ್ಲಾ? ಬರೆದದ್ದು ಬರೆದದ್ದೇ," ಎಂದು ಇವನು ರಸೀದಿ ಹರಿದು ಕೊಟ್ಟಿದ್ದ. ಅಂಥವನ ಯಂತ್ರವನ್ನು ನಂಬುವುದು ಹೇಗೆ? ಅದಕ್ಕೇ ನಾಲ್ಕನೆಯದೂ ಬೇಕಾಯಿತು. ಅದು ಕೆಳಗಿನ ಮನೆಯ ನಿವೃತ್ತ ಹೆಡ್ಮಾಸ್ಟರದು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಯಾವುದೋ ಕಾಲದಲ್ಲಿ ತರಗತಿಯಲ್ಲಿ ಒಬ್ಬನ ಕೈಯಿಂದ ಕಿತ್ತುಕೊಂಡದ್ದು, ಅವನ ಅಪ್ಪ ಬಂದು ಕೇಳಲಿ ಎಂದು ಇವತ್ತಿನವರೆಗೂ ಕಾಯುತ್ತಿದ್ದರು. ಕಾಯುತ್ತ ಕಾಯುತ್ತ ಆಡಲು ಕಲಿತಿದ್ದರು.

ಒಂಬತ್ತು ಗಂಟೆಗೆ ಎಲ್ಲರೂ ನಡುಮನೆಯಲ್ಲಿ ಸೇರಿದರು. ಅಂಗಡಿಯವನು ಯಂತ್ರದ ಜೊತೆಗೆ ಎರಡು ಟೀವಿಯನ್ನೂ ಹೊರಿಸಿಕೊಂಡು ಬಂದಿದ್ದ. ದಂಡ ಕಟ್ಟಿದವನ ಮುಖದಲ್ಲಿ ಅಷ್ಟು ಉತ್ಸಾಹ ಯಾಕೆ ಎಂದು ಗುಲಗಂಜಿ ಕೇಳಬೇಕಿತ್ತು. ಅವನು ಕಾಗದ ಬರೆಯುವುದರಲ್ಲಿ ಮುಳುಗಿದ್ದ.

ಕಾಗದ ಹೀಗಿತ್ತು: 'ಏಳು ಬಾಗಿಲ ಕೋಟೆ ಎಂಬ ಆಟವನ್ನು ನಾಲ್ಕು ಯಂತ್ರಗಳಲ್ಲಿ ಏಕಕಾಲಕ್ಕೆ ಆಡಿ ಪರಿಶೀಲಿಸತಕ್ಕದ್ದು. ಏಳನೇ ಬಾಗಿಲ ಹಿಂದೆ ಗೋಡೆ ಇದೆಯೆಂದು ಮನೆಯ ಯಜಮಾನನೂ, ರಾಣಿ ಇರುವಳೆಂದು ಅತಿಥಿಯೂ ಹೇಳಿರುತ್ತಾರೆ. ಯಾರ ಹೇಳಿಕೆ ಸುಳ್ಳೆಂದು ಕಂಡುಬರುವುದೋ ಅವರು ಇದೇ ದಿನ ಸೂರ್ಯ ಮುಳುಗುವ ಮೊದಲು ಈ ಮನೆ ಬಿಟ್ಟು ಹೊರಡತಕ್ಕದ್ದು. ಯಾವ ಕಾರಣಕ್ಕೂ ರಿಯಾಯಿತಿ ಇರುವುದಿಲ್ಲ.'

ಇಬ್ಬರೂ ಸಹಿ ಹಾಕಿದರು. ಹೆಡ್ಮಾಸ್ಟರು ಎರಡು ಕಡೆ ಒತ್ತಕ್ಷರ ತಿದ್ದಿ ಸಾಕ್ಷಿ ಹಾಕಿದರು. ಗುಲಗಂಜಿ ಕಾಗದಕ್ಕೆ ದಾರ ಕಟ್ಟಿ, ತಕ್ಕಡಿಗೆ ಹಾಕುವ ಸೀಸದ ಮುದ್ರೆಯನ್ನೇ ಒತ್ತಿದ. ಮನೆಯವರ ಜಗಳಕ್ಕೆ ಮುದ್ರೆ ಒತ್ತಬಾರದು ಎಂದು ಇಂಥವರಿಗೆ ಯಾರು ಹೇಳಬೇಕು!

ಹೆಂಡತಿ ಅಡುಗೆಮನೆಯಿಂದ ಒಮ್ಮೆ ಇಣುಕಿ ನೋಡಿದಳು. "ಏನ್ರೀ ಇದು, ಮನೇನಾ ಟೀವಿ ಅಂಗಡೀನಾ?"

"ಸರ್ಕಾರಿ ಕೆಲಸ ಅಂತ ತಿಳ್ಕೊ. ನಡುವೆ ಬಾಯಿ ಹಾಕ್ಬೇಡ."

ಶುರುವಾಯಿತು. ಶುರುವಾಯಿತು ಎಂದರೆ, ಮೂವರದು ಶುರುವಾಯಿತು. ಗುಲಗಂಜಿಯ ಕಪ್ಪು ಯಂತ್ರಕ್ಕೆ ಆಟ ಕ್ಯಾಸೆಟ್ಟಿನಿಂದ ಇಳಿಯಬೇಕು. ಅದಕ್ಕೆ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷವೂ ಅದು ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚುತ್ತದೆ.

"ಇದು ಆಟಾನಾ, ಕಿವಿಗೆ ಕಾದ ಸೀಸಾನಾ?" ಹೆಡ್ಮಾಸ್ಟರು ಕಿವಿ ಮುಚ್ಚಿಕೊಂಡರು.

ಹದಿನೆಂಟನೇ ನಿಮಿಷಕ್ಕೆ ಯಂತ್ರ ಕ್ಯಾಸೆಟ್ಟಿನ ಟೇಪನ್ನು ನುಂಗಿತು. ಗುಲಗಂಜಿ ಪೆನ್ಸಿಲ್ ತೂರಿಸಿ ಟೇಪು ಸುತ್ತಿ, ಮತ್ತೆ ಮೊದಲಿಂದ ಹಾಕಿದ. ಬಾಮೈದನ ಯಂತ್ರದ್ದು ಇನ್ನೊಂದು ರಗಳೆ. ಆಟ ತುಂಬಿದ ಪ್ಲಾಸ್ಟಿಕ್ ಬಿಲ್ಲೆಯನ್ನು ಹೊರಗೆ ತೆಗೆದು ಬಾಯಲ್ಲಿ ಊದದೆ ಅದು ಏಳುವುದಿಲ್ಲ. ಊದಿ ಊದಿ ಅವನ ಕೆನ್ನೆ ನಾಗಸ್ವರದವರ ಕೆನ್ನೆಯಾಯಿತು. ಅಂಗಡಿಯವನ ಯಂತ್ರದ ಮುಚ್ಚಳ ನಿಲ್ಲುವುದಿಲ್ಲ. ಮೇಲೆ ಭಾರ ಇಡಬೇಕು. ಗುಲಗಂಜಿ ಇಲಾಖೆಯ ಹಿತ್ತಾಳೆ ತೂಕದ ಬಟ್ಟನ್ನೇ ತಂದು ಇಟ್ಟ.

"ಸಾರ್, ಅರ್ಧ ಕಿಲೋ ಸರಿಯಾಗಿ ಇದೆ ತಾನೆ?" ಎಂದ ಅಂಗಡಿಯವನು.

"ನಿನ್ನಂಗಡೀದಲ್ಲ. ಸರಿಯಾಗೇ ಇದೆ."

ಹೆಡ್ಮಾಸ್ಟರ ಯಂತ್ರದ ಪರದೆಗೆ ಬಣ್ಣವೂ ಇಲ್ಲ, ಬೆಳಕೂ ಇಲ್ಲ. ಕಿಟಕಿಯ ಬಿಸಿಲಿಗೆ ಓರೆ ಹಿಡಿದರೆ ಮಾತ್ರ ಏನೋ ಓಡಾಡಿದ ಹಾಗೆ ಕಾಣುತ್ತದೆ. ಬಿಸಿಲು ಸರಿದ ಹಾಗೆ ಅವರೂ ಕುರ್ಚಿ ಸಮೇತ ಸರಿಯುತ್ತಿದ್ದರು.

ಒಂದೇ ಆಟ ಎನ್ನುವುದು ಹೆಸರಿಗೆ. ಗುಲಗಂಜಿಯದರಲ್ಲಿ ವೀರ ಬೆಂಕಿಕಡ್ಡಿಯಷ್ಟು, ನದಿ ಒಂದು ನೀಲಿ ಗೆರೆ. ಬಾಮೈದನದರಲ್ಲಿ ನದಿಯಲ್ಲಿ ಮೀನೂ ಹಾರುತ್ತಿತ್ತು. ಅಂಗಡಿಯವನದರಲ್ಲಿ ನೀರು ಜುಳುಜುಳು ಎಂದು ಎಷ್ಟು ಚೆನ್ನಾಗಿ ಸದ್ದು ಮಾಡುತ್ತಿತ್ತು ಎಂದರೆ ಹೆಡ್ಮಾಸ್ಟರು ಎರಡು ಸಲ ಬಚ್ಚಲಿಗೆ ಹೋಗಿ ಬಂದರು. ಅವರದರಲ್ಲಿ ನದಿಯೇ ಕಾಣುವುದಿಲ್ಲ. "ನದಿ ಎಲ್ರಯ್ಯಾ?" ಎಂದು ಕೇಳುತ್ತ ಮೂರು ಸಲ ಮುಳುಗಿದರು.

ಎರಡನೇ ಬಾಗಿಲಲ್ಲಿ ಬಾವಲಿ ಬಂತು. ಗುಲಗಂಜಿಯದರಲ್ಲಿ ಅದು ರೆಕ್ಕೆ ಬಂದ ಸೊಳ್ಳೆ. ಬಾಮೈದನದರಲ್ಲಿ ಬಾವಲಿಯೇ ಅಲ್ಲ, ಹದ್ದು. ಅಂಗಡಿಯವನದರಲ್ಲಿ ಅದು ಎಷ್ಟು ಭಯಂಕರವಾಗಿತ್ತೆಂದರೆ ಅವನು ಕಣ್ಣು ಮುಚ್ಚಿ ಗುಂಡಿ ಒತ್ತಿದ. ಹೆಡ್ಮಾಸ್ಟರು ಪರದೆಯ ಮೇಲೆ ಕೊಳೆ ಎಂದುಕೊಂಡು ಅಂಗಿಯ ತುದಿಯಿಂದ ಒರೆಸಿದರು. ಒರೆಸುವಷ್ಟರಲ್ಲಿ ಸತ್ತಿದ್ದರು.

ಏಕಕಾಲಕ್ಕೆ ಎಂದು ಕಾಗದದಲ್ಲಿದೆಯಲ್ಲ! ಒಬ್ಬ ಸತ್ತರೆ ಉಳಿದ ಮೂವರೂ ನಿಂತು ಕಾಯಬೇಕು. ಕಾಯುವಾಗ ಗುಲಗಂಜಿ ಸುಮ್ಮನೆ ಕೂರುವವನೇ? ಮುಂದಿನ ಸೇತುವೆ ದಾಟಲು ವೀರನಿಗೆ ಬೇಕಾದ ಹೆಜ್ಜೆ ಎಣಿಸಿದ. ತನ್ನದರಲ್ಲಿ ಮೂವತ್ತೆರಡು. ಅಂಗಡಿಯವನದರಲ್ಲಿ ಮೂವತ್ತೊಂದು.

"ಒಂದು ಹೆಜ್ಜೆ ಕಮ್ಮಿ!" ಗುಲಗಂಜಿ ಪುಸ್ತಕದಲ್ಲಿ ಗುರುತು ಹಾಕಿಕೊಂಡ.

"ಹಾಕಿ ಸಾರ್ ದಂಡ. ನಮ್ಮ ವೀರನ ಕಾಲು ಉದ್ದ ಅನ್ನೋದಕ್ಕೂ ದಂಡ ಹಾಕಿ."

ಸೇತುವೆಯ ಆ ತುದಿಯಲ್ಲಿ ಒಬ್ಬ ಮುದುಕ ನಿಂತಿರುತ್ತಾನೆ. ನಾಲ್ಕು ಯಂತ್ರದಲ್ಲೂ ನಿಂತಿದ್ದ. ಏನೋ ಹೇಳತೊಡಗಿದ. ನಾಲ್ವರೂ ಒಟ್ಟಿಗೆ ಗುಂಡಿ ಒತ್ತಿ ಅವನ ಬಾಯಿ ಮುಚ್ಚಿಸಿ ಮುಂದೆ ಹೋದರು. ಅಷ್ಟು ಹೊತ್ತಿನ ಆಟದಲ್ಲಿ ನಾಲ್ವರೂ ಏಕಕಾಲಕ್ಕೆ ಮಾಡಿದ ಕೆಲಸ ಅದೊಂದೇ.

ಕಾಫಿ ತಂದ ಹೆಂಡತಿ ನಿಂತು ನೋಡಿದಳು. "ಮುದುಕ ಏನ್ ಹೇಳ್ದ?"

"ಅವನೇನೋ ಒದರ್ತಾನೆ ಬಿಡೇ. ನಿಂಗೆ ಇದೆಲ್ಲ ತಿಳಿಯಲ್ಲ."

"ಅಕ್ಕ, ಇನ್ನೊಂದ್ ಸ್ವಲ್ಪ ಸಕ್ಕರೆ," ಎಂದ ಬಾಮೈದ.

ಅವಳು ನಾಲ್ಕು ಪರದೆಯನ್ನೂ ಒಂದೊಂದಾಗಿ ನೋಡಿ, ಸಕ್ಕರೆ ತರಲು ಒಳಗೆ ಹೋದಳು.

ಮಧ್ಯಾಹ್ನದ ಹೊತ್ತಿಗೆ ನಡುಮನೆ ಕುದಿಯುತ್ತಿತ್ತು. ಮೂರು ಟೀವಿಯ ಸದ್ದಿಗೆ ತಲೆ ಸಿಡಿದು ಗುಲಗಂಜಿ ರಿಮೋಟ್ ಒತ್ತಿದ. ಮೂರೂ ಟೀವಿ ಒಂದೇ ಕಂಪನಿಯವು. ಮೂರೂ ಒಟ್ಟಿಗೆ ಆರಿದವು. ಅವುಗಳ ಹಿಂದೆ ಆಟ ಮಾತ್ರ ನಡೆದೇ ಇತ್ತು. ಕತ್ತಲ ಪರದೆಯೊಳಗೆ ಮೂವರು ವೀರರೂ ಎಲ್ಲೋ ಓಡುತ್ತಿದ್ದರು. "ಎಡಕ್ಕೆ! ಎಡಕ್ಕೆ!" ಎಂದು ಮೂವರೂ ಕಪ್ಪು ಗಾಜಿಗೆ ಕೂಗಿದರು. ಗುಲಗಂಜಿ ಮತ್ತೆ ಒತ್ತಿದ. ಎರಡು ಹತ್ತಿದವು, ಒಂದು ಹತ್ತಲಿಲ್ಲ. ಇನ್ನೊಮ್ಮೆ ಒತ್ತಿದ. ಹತ್ತದ್ದು ಹತ್ತಿತು, ಹತ್ತಿದ್ದೆರಡೂ ಆರಿದವು. ಕಡೆಗೆ ಎರಡು ಟೀವಿಗೆ ಟವೆಲ್ ಹೊದೆಸಿ ಒಂದೊಂದಾಗಿ ಹತ್ತಿಸಿದರು. ಆ ಹೊತ್ತಿಗೆ ಹೆಡ್ಮಾಸ್ಟರ ಬ್ಯಾಟರಿ ಮುಗಿಯಿತು. ಗೋಡೆ ಗಡಿಯಾರದ್ದನ್ನು ಕಿತ್ತು ಹಾಕಿದರು. ಅಲ್ಲಿಂದ ಮುಂದೆ ಗಂಟೆ ಎಷ್ಟು ಎಂದು ಯಾರಿಗೂ ತಿಳಿಯಲಿಲ್ಲ. ಬಿಸಿಲು ನೋಡಿ ಹೆಡ್ಮಾಸ್ಟರೇ ಹೇಳುತ್ತಿದ್ದರು.

"ನಾಲ್ಕೂವರೆ ಆಗಿರ್ಬೇಕು," ಎಂದು ಅವರು ಹೇಳಿದಾಗ ನಾಲ್ವರು ವೀರರೂ ಏಳನೇ ಬಾಗಿಲ ಮುಂದೆ ನಿಂತಿದ್ದರು.

ಗುಲಗಂಜಿ ಒಮ್ಮೆ ಕುರ್ಚಿಯನ್ನು ನೋಡಿದ. ಇನ್ನು ಸ್ವಲ್ಪ ಹೊತ್ತು. ಈ ಪ್ರಾಣಿ ಚೀಲ ಹೊತ್ತು ಮೆಟ್ಟಿಲಿಳಿಯುತ್ತದೆ. ತಾನು ಕೂತು ಕಾಲು ಚಾಚಬಹುದು. ಐದು ತಿಂಗಳಿಂದ ಮೊಣಕಾಲು ಮಡಚಿಯೇ ಇದೆ.

"ತೆಗೆಯೋ ನಿನ್ನ ಬಾಗಿಲು," ಎಂದ.

"ನೀವು ಮೊದ್ಲು ತೆಗೀರಿ ಭಾವ. ದೊಡ್ಡವರು."

"ನೀನು ಅತಿಥಿ. ನೀನು ತೆಗಿ."

"ಇಲ್ಲ ಇಲ್ಲ, ಮನೆ ನಿಮ್ದು."

ಇಬ್ಬರೂ ತೆಗೆಯಲಿಲ್ಲ. ಅಂಗಡಿಯವನು ಇಬ್ಬರ ಮುಖವನ್ನೂ ನೋಡಿದ. ತಕ್ಕಡಿ ಹಿಡಿದು ಬದುಕುವವನಿಗೆ ಮುಖದ ಓರೆ ಗೊತ್ತಾಗದೇ?

"ಸಾರ್, ಒಂದ್ ಮಾತು. ಈ ಬಾಗಿಲು ಹೆಂಗೆ ತೆಗೀಬೇಕು ಅಂತ ನಿಮಗೆ ಗೊತ್ತಾ?"

"ಗೊತ್ತು... ಅಂದ್ರೆ... ಕೀಲಿಕೈಯಿಂದ."

ಕೆಂಪು ಕೀಲಿಕೈ ಹಾಕಿದರು. ಇಲ್ಲ. ನೀಲಿ ಹಾಕಿದರು. ಇಲ್ಲ. ಹೆಡ್ಮಾಸ್ಟರಿಗೆ ಎರಡೂ ಬೂದಿ ಬಣ್ಣ, ಯಾವುದು ಹಾಕಿದೆ ಎಂದು ಅವರಿಗೇ ತಿಳಿಯದು. ಕತ್ತಿಯಿಂದ ಹೊಡೆದರು. ದೀಪ ಹಿಡಿದರು. ಬಾಮೈದ ಬಿಲ್ಲೆ ತೆಗೆದು ಊದಲು ಹೋದಾಗ ಮೂವರೂ ಸೇರಿ ಅವನ ಕೈ ಹಿಡಿದರು.

"ನಿಜ ಹೇಳೋ," ಗುಲಗಂಜಿ ಗುಡುಗಿದ. "ನೀನು ಯಾವತ್ತಾದ್ರೂ ಈ ಬಾಗಿಲು ತೆಗ್ದಿದ್ಯಾ?"

ಬಾಮೈದ ಕಾಲ ಬೆರಳಿಂದ ಚಾಪೆ ಕೆದಕಿದ. "ಪೆಟ್ಟಿಗೆ ಮೇಲೆ ಚಿತ್ರ ಇತ್ತು ಭಾವ. ರಾಣಿ, ಕಿರೀಟ... ಒಳಗೂ ಇರ್ತಾಳೆ ಅಂದ್ಕೊಂಡೆ. ನೀವು ತೆಗ್ದಿದ್ರಾ?"

"ನಾನು..." ಗುಲಗಂಜಿ ಹಣೆ ಒರೆಸಿಕೊಂಡ. "ಇಷ್ಟು ವರ್ಷ ತೆಗೀದಿರೋ ಬಾಗಿಲ ಹಿಂದೆ ಗೋಡೆ ಅಲ್ಲದೆ ಇನ್ನೇನಿರುತ್ತೆ?"

ಅಂಗಡಿಯವನು ನಗಲಿಲ್ಲ. ನಗುವನ್ನು ಸಂಜೆಗೆ ಎತ್ತಿಟ್ಟುಕೊಂಡ.

ಅಷ್ಟರಲ್ಲಿ ಹೆಂಡತಿ ಸೆರಗಿಗೆ ಕೈ ಒರೆಸುತ್ತ ಬಂದಳು. "ಆಯ್ತಾ? ಇವತ್ತೇನಾದ್ರೂ ಮನೆ ಗುಡಿಸ್ಬಹುದಾ?"

"ಬಾಗಿಲು ತೆಗೀತಾ ಇಲ್ಲ ಅಕ್ಕ."

"ಕೈಯಲ್ಲಿರೋದನ್ನೆಲ್ಲ ಕೆಳಗಿಡು. ಬಾಗಿಲಿಗೆ ಬೆನ್ನು ಹಾಕಿ ಬಂದ ದಾರೀಲೇ ನಡಿ. ಹಿಂದೆ ತಿರುಗಿ ನೋಡ್ಬೇಡ. ತಾನಾಗೇ ತೆಗಿಯುತ್ತೆ."

ನಾಲ್ವರೂ ಬಾಯಿ ಬಿಟ್ಟುಕೊಂಡು ಅವಳನ್ನು ನೋಡಿದರು.

"ಸೇತುವೆ ಹತ್ರ ಮುದುಕ ಅದನ್ನೇ ಅಲ್ವಾ ಹೇಳೋದು? ಗಂಡಸ್ರು ಯಾರ ಮಾತು ತಾನೇ ಪೂರ್ತಿ ಕೇಳ್ತೀರಿ!"

"ನಾನು ಮೂವತ್ತು ವರ್ಷ ಇದನ್ನೇ ಹೇಳ್ದೆ, ಹಿರಿಯರ ಮಾತು ಕೇಳಿ ಅಂತ," ಎಂದು ಹೆಡ್ಮಾಸ್ಟರು ಶುರು ಮಾಡಿದರು. ಅವರ ಮಾತನ್ನೂ ಯಾರೂ ಕೇಳಲಿಲ್ಲ.

"ನಿಂಗೆ ಹೇಗೇ ಗೊತ್ತು?" ಗುಲಗಂಜಿಯ ದನಿ ಕೀರಲಾಯಿತು.

"ಇವನು ಟ್ಯೂಷನ್ನಿಗೆ ಹೋದಾಗ ಇವನ ಯಂತ್ರದಲ್ಲಿ ಆಡಿ ಮುಗಿಸಿದ್ದೆ. ಮದುವೆ ಆದ್ಮೇಲೆ ನಿಮ್ಮದರಲ್ಲಿ. ಹದಿನೇಳು ವರ್ಷ ನೀವು ಆಫೀಸಿಗೆ ಹೋದ ಮೇಲೆ ಮಧ್ಯಾಹ್ನ ನಾನೇನು ಮಾಡ್ತಿದ್ದೆ ಅಂದ್ಕೊಂಡಿದ್ರಿ? ಅಂಗಡಿಯಣ್ಣನ ಹೆಂಡ್ತಿ ಕರೆದಾಗ ಅವರ ಮನೇಲೂ ಒಂದ್ಸಲ ಮುಗಿಸ್ದೆ. ಮೇಷ್ಟ್ರದ್ದು ಮಾತ್ರ ನೋಡಿಲ್ಲ."

ನಾಲ್ವರೂ ಅವಳು ಹೇಳಿದಂತೆ ಮಾಡಿದರು. ಕತ್ತಿ, ದೀಪ, ಕೀಲಿಕೈ ಎಲ್ಲವನ್ನೂ ಕೆಳಗಿಟ್ಟು ನಾಲ್ವರು ವೀರರೂ ಬೆನ್ನು ತಿರುಗಿಸಿ ನಡೆದರು. ಕಿರ್ರ್ ಎಂದು ಒಂದು ಸದ್ದು. ಏಳನೇ ಬಾಗಿಲು ತೆರೆಯಿತು.

ಒಳಗೆ ಗೋಡೆಯೂ ಇರಲಿಲ್ಲ. ರಾಣಿಯೂ ಇರಲಿಲ್ಲ.

ಒಂದು ಕುರ್ಚಿ ಇತ್ತು.

ಗುಲಗಂಜಿಯದರಲ್ಲಿ ನಾಲ್ಕು ಗೆರೆಯ ಕುರ್ಚಿ. ಬಾಮೈದನದರಲ್ಲಿ ಕೆಂಪು ಮೆತ್ತೆಯ ಕುರ್ಚಿ. ಅಂಗಡಿಯವನದು ವೀರ ಕೂತಾಗ ಕರಕರ ಎಂದಿತು. "ನಂದ್ರಲ್ಲಿ ಸ್ಟೂಲ್ ಇದ್ದ ಹಾಗಿದೆ," ಎಂದರು ಹೆಡ್ಮಾಸ್ಟರು. ನಾಲ್ವರು ವೀರರೂ ಹೋಗಿ ಕಾಲು ಚಾಚಿ ಕೂತರು. ಆಟ ಮುಗಿಯಿತು.

ಅಂಗಡಿಯವನು ನಿಧಾನವಾಗಿ ಎದ್ದ. ಹಿತ್ತಾಳೆ ಬಟ್ಟನ್ನು ಪಕ್ಕಕ್ಕಿಟ್ಟ. ಮೇಜಿನ ಮೇಲಿನ ಕಾಗದ ತೆಗೆದು, ಕನ್ನಡಕ ಏರಿಸಿ, ಶಾಲೆಯಲ್ಲಿ ಪಾಠ ಓದಿದ ಹಾಗೆ ಓದಿದ. "'ಯಾರ ಹೇಳಿಕೆ ಸುಳ್ಳೆಂದು ಕಂಡುಬರುವುದೋ ಅವರು ಇದೇ ದಿನ ಸೂರ್ಯ ಮುಳುಗುವ ಮೊದಲು ಈ ಮನೆ ಬಿಟ್ಟು ಹೊರಡತಕ್ಕದ್ದು.' ಗೋಡೆ ಸುಳ್ಳು. ರಾಣಿ ಸುಳ್ಳು. 'ರಿಯಾಯಿತಿ ಇರುವುದಿಲ್ಲ.' ಮುದ್ರೇನೂ ಇದೆ ಸಾರ್."

ಗುಲಗಂಜಿ ಬಿಳಿಚಿಕೊಂಡ. ಬಾಮೈದ ಮಾತ್ರ ಲಕ್ಷಣವಾಗಿ ಎದ್ದ. ಚಪ್ಪಲಿ ಮೆಟ್ಟಿದ. ಕೈಬೀಸಿಕೊಂಡು ಮೆಟ್ಟಿಲಿಳಿದ. ಬೀದಿಗೆ ಒಂದು ಕಾಲು ಇಟ್ಟ. ಹಾಗೇ ತಿರುಗಿ ಮೆಟ್ಟಿಲು ಹತ್ತಿ ಒಳಗೆ ಬಂದು ಚಪ್ಪಲಿ ಬಿಟ್ಟ.

"ಹೊರಟೆ. ಬಂದೆ. ವಾಪಸ್ ಬರಬಾರದು ಅಂತ ಕಾಗದದಲ್ಲಿಲ್ಲ ಭಾವ."

"ಏಯ್ ಕಳ್ಳಾ!" ಗುಲಗಂಜಿ ಎದ್ದು ನಿಂತ. ಹದಿನೇಳು ವರ್ಷದ ಇಲಾಖೆ ಅವನ ಗಂಟಲಲ್ಲಿ ಗರ್ಜಿಸಿತು. "ಇದು ಮೋಸ! ನಾನು ಬಂದಾಗ ತಕ್ಕಡಿ ತಟ್ಟೆಯಿಂದ ಬೆರಳು ತೆಗೆದು, ಹೋದ ಮೇಲೆ ಮತ್ತೆ ಬೆರಳಿಡೋರ ಬುದ್ಧಿ ಇದು! ಹೋದವನು ವಾಪಸ್ ಬಂದ್ರೆ ಅವನು ಹೋದ ಲೆಕ್ಕಾನೇ ಅಲ್ಲ! ಮರ್ಯಾದಸ್ಥನಾದೋನು ಹೋದ್ರೆ ಹೋದ ಹಾಗೆ ಇರ್ಬೇಕು!"

"ಸರಿಯಾಗಿ ಹೇಳಿದ್ರಿ ಸಾರ್," ಎಂದ ಅಂಗಡಿಯವನು. ದನಿ ತುಪ್ಪದಲ್ಲಿ ಅದ್ದಿದಂತಿತ್ತು. "ಅವನಿಗೆ ಮರ್ಯಾದೆ ಇಲ್ಲ, ಬಿಡಿ. ನೀವು?"

ಗುಲಗಂಜಿಗೆ ತನ್ನ ಕಪ್ಪು ಕಾಣುವುದಿಲ್ಲ ಎಂದು ಗಾದೆ ಇದೆ. ಈಗ ಕಂಡಿತು. ಎದುರಿಗೇ, ಸೀಸದ ಮುದ್ರೆಯ ಸಮೇತ.

ಅವನು ಹೆಂಡತಿಯ ಕಡೆ ನೋಡಿದ. ಅವಳು ಆ ಹೊತ್ತಿಗಾಗಲೇ ಖಾಲಿ ಬಿದ್ದ ಕುರ್ಚಿಯಲ್ಲಿ ಕೂತು, ಕಾಲು ಚಾಚಿ, ಹೆಡ್ಮಾಸ್ಟರ ಯಂತ್ರವನ್ನು ಬಿಸಿಲಿಗೆ ಓರೆ ಹಿಡಿದು ನೋಡುತ್ತಿದ್ದಳು.

"ಏನೇ, ನೀನಾದ್ರೂ ಹೇಳೇ."

"ನಾನೇನ್ ಹೇಳ್ಲಿ? ಸರ್ಕಾರಿ ಕೆಲಸ, ನಡುವೆ ಬಾಯಿ ಹಾಕ್ಬೇಡ ಅಂದ್ರಲ್ಲ." ತಲೆ ಎತ್ತದೆ ಸೇರಿಸಿದಳು, "ಸ್ವೆಟರ್ ಹಾಕ್ಕೊಂಡ್ ಹೋಗಿ."

ಗುಲಗಂಜಿ ಸ್ವೆಟರ್ ಹಾಕಿಕೊಳ್ಳಲಿಲ್ಲ. ಜೇಬಿನ ಪುಸ್ತಕ, ಪೆನ್ನು, ಮನೆಯ ಬೀಗದ ಕೈ ಎಲ್ಲವನ್ನೂ ಮೇಜಿನ ಮೇಲೆ ಇಟ್ಟ. ಹಿತ್ತಾಳೆ ಬಟ್ಟನ್ನು ಒಮ್ಮೆ ಎತ್ತಿ ನೋಡಿ ಅದನ್ನೂ ಇಟ್ಟ. ಬಾಗಿಲು ದಾಟಿ ಮೆಟ್ಟಿಲಿಳಿದ. ಬೀದಿಯಲ್ಲಿ ಬಿಸಿಲು ಕೆಂಪಗಾಗಿತ್ತು.

ಮನೆಗೆ ಬೆನ್ನು ಹಾಕಿ ನಡೆಯುವಾಗ ಅವನಿಗೆ ಥಟ್ಟನೆ ಹೊಳೆಯಿತು. ಕೈಯಲ್ಲಿರುವುದನ್ನೆಲ್ಲ ಇಟ್ಟಾಗಿದೆ. ಬಂದ ದಾರಿಯಲ್ಲೇ ನಡೆಯುತ್ತಿದ್ದೇನೆ. ಹಿಂದೆ ತಿರುಗಿ ನೋಡಬಾರದು, ಅಷ್ಟೇ. ನಾಲ್ಕು ಯಂತ್ರದಲ್ಲೂ ತೆರೆದ ಬಾಗಿಲು ಇಲ್ಲಿ ತೆರೆಯದೇ ಇರುತ್ತದೆಯೇ? ಅವನು ಹೆಜ್ಜೆ ನಿಧಾನ ಮಾಡಿದ. ಕಿವಿಯನ್ನು ಹಿಂದಕ್ಕೆ ಬಿಟ್ಟು, ಎಣಿಸುತ್ತ ನಡೆದ. ಇಪ್ಪತ್ತೊಂಬತ್ತು. ಮೂವತ್ತು. ಮೂವತ್ತೊಂದು.

ಮೇಲಿನಿಂದ ಹೆಂಡತಿಯ ದನಿ ಕೇಳಿಸಿತು. "ಆ ಬಾಗಿಲು ಹಾಕೋ ಸ್ವಲ್ಪ, ಬಿಸಿಲು ನೇರ ಕಣ್ಣಿಗೇ ಹೊಡೀತಿದೆ. ಆಟಾನೇ ಕಾಣ್ತಿಲ್ಲ."

ಮೂವತ್ತೆರಡು.

ಹಿಂದೆ ಚಿಲಕ ಬಿದ್ದ ಸದ್ದಾಯಿತು. ಗುಲಗಂಜಿ ತಿರುಗಿ ನೋಡಲಿಲ್ಲ. ಬೀದಿಯ ಕೊನೆಯಲ್ಲಿ ಎಡಕ್ಕೆ ಹೊರಳಿ ಹೋದವನು ವಾಪಸ್ ಬರಲೂ ಇಲ್ಲ.